ಹರಳು ಗಿಡಕ್ಕೆ ಕಟ್ಟಿದ ದಾರ

ಅವರ ಎಡಗೈಯಲ್ಲಿ ಬಳೆಗಿಂತ ದಾರವೇ ಹೆಚ್ಚು. ಕೆಂಪು, ನೀಲಿ, ಹಳದಿ, ಎಲ್ಲ ನಜರ್‌ಬಾದಿನ ಟೈಲರ್ ಅಂಗಡಿಯಿಂದ ಕೇಳಿ ತಂದ ತುಂಡುಗಳು. ಬಲಗೈ ಹೆಬ್ಬೆರಳಿನ ಉಗುರು ಹರಳುಕಾಯಿ ಸುಲಿದು ಸುಲಿದು ಸೀಳಿತ್ತು. ನಮ್ಮ ಲ್ಯಾಬಿನ ಅಟೆಂಡರ್ ಅವರು. ನಾನಾಗ ಪಿಎಚ್‌ಡಿ ವಿದ್ಯಾರ್ಥಿನಿ, ಅಕ್ಕ ಎನ್ನುತ್ತಿದ್ದೆ.

ನಮ್ಮ ಕೆಲಸ ಹರಳಿನ ಬೀಜದ್ದು. ಬೇರೆ ಬೀಜಗಳಲ್ಲೂ ಇರುವ ಓಲಿಯಿಕ್ ಆಮ್ಲವನ್ನೇ ಹರಳು ಗಿಡ ತೆಗೆದುಕೊಂಡು, ಅದರ ಸರಪಳಿಯ ಒಂದು ಕಡೆ ಆಮ್ಲಜನಕ ಸೇರಿಸಿ ರಿಸಿನೋಲಿಯಿಕ್ ಆಮ್ಲ ಮಾಡಿಕೊಳ್ಳುತ್ತದೆ. ಹರಳೆಣ್ಣೆ ಅಷ್ಟು ಮಂದವಾಗಿರುವುದು ಅದರಿಂದಲೇ. ಬೀಜ ಬಲಿಯುವಾಗ ಇದು ಯಾವಾಗ ಶುರುವಾಗುತ್ತದೆ ಎಂಬುದು ನಮ್ಮ ಪ್ರಶ್ನೆ. ಲ್ಯಾಬಿನ ಮುಖ್ಯಸ್ಥರು ಕಾಯಿಯ ಗಾತ್ರ ನೋಡಿ ಕೀಳಿಸುತ್ತಿದ್ದರು. ಒಂದು ವರ್ಷದ ಫಲಿತಾಂಶವೆಲ್ಲ ಕಲಸುಮೇಲೋಗರವಾಯಿತು.

"ಸಾರ್, ಹರಳುಕಾಯಿ ಮೊದ್ಲು ಊದ್ಕೊಂಬುಡ್ತದೆ, ತಿರುಳು ತುಂಬೋದು ಆಮೇಲೆ. ಗಾತ್ರ ನೋಡ್ಬೇಡಿ, ದಿನ ನೋಡಿ," ಎಂದರು ಅಕ್ಕ. ಅವರಪ್ಪ ಕಡಕೊಳದ ಕಡೆ ಹೊಲದ ಬದುವಿನಲ್ಲಿ ಹರಳು ಬೆಳೆದವರು.

"ನಿನ್ ಕೆಲ್ಸ ನೋಡ್ಕೊಳಮ್ಮ," ಎಂದುಬಿಟ್ಟರು ಮುಖ್ಯಸ್ಥರು.

ಅಕ್ಕ ನೋಡಿಕೊಂಡರು. ಹೂವು ಅರಳಿದ ದಿನವೇ ದಾರ ಕಟ್ಟಿ, ಪ್ರತಿ ವಾರ ಅರಳಿದ ಹೂವಿಗೆ ಬೇರೆ ಬಣ್ಣ ಹಾಕಿ, ಎರಡು ಹಂಗಾಮು ಒಬ್ಬರೇ ಬರೆದಿಟ್ಟರು. ಆ ದಾರ ನೋಡಿ ಕಿತ್ತ ಕಾಯಿಗಳನ್ನು ನಾನು ಪರೀಕ್ಷಿಸಿದೆ. ನೀರಿನಂತಿದ್ದ ತಿರುಳಿನಲ್ಲಿ ರಿಸಿನೋಲಿಯಿಕ್ ಆಮ್ಲ ಹೆಸರಿಗಷ್ಟೇ. ತಿರುಳು ಗಟ್ಟಿಯಾಗತೊಡಗಿದ ಮೇಲೆ ಸರಸರನೆ ಏರುತ್ತಿತ್ತು. ಉತ್ತರ ಸಿಕ್ಕಿತ್ತು.

ಪ್ರಬಂಧ ಅಚ್ಚಾಯಿತು. ದಾರ ಕಟ್ಟುವ ವಿಧಾನ ತಾವೇ ರೂಪಿಸಿದ್ದೆಂದು ಬರೆದುಕೊಂಡಿದ್ದರು ಆ ಮಹಾನುಭಾವರು. ಕೊನೆಯ ಕೃತಜ್ಞತೆಯ ಸಾಲಿನಲ್ಲೂ ಅಕ್ಕ ಇಲ್ಲ. ನನ್ನ ಹೆಸರು ಎರಡನೆಯದು. ನಾನು ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

"ಇರ್ಲಿ ಬುಡು ಕಣಮ್ಮ. ಒಂದಿನ ಅವ್ರ್ ಬಾಯಿಂದ್ಲೇ ನಿಜ ಆಚೆಗ್ ಬತ್ತದೆ," ಎಂದರು ಅಕ್ಕ.

ಬಂತು. ಹೊರಗಿನ ತಜ್ಞರು ಪರಿಶೀಲನೆಗೆ ಬಂದ ದಿನ ಮುಖ್ಯಸ್ಥರು ಗಿಡಗಳ ನಡುವೆ ನಿಂತು ತಮ್ಮ ದಾರದ ಬಗ್ಗೆ ಭಾಷಣ ಬಿಗಿದರು. "ಬಲಿತದ್ದೊಂದು ತೋರಿಸಿ," ಎಂದರು ಒಬ್ಬ ತಜ್ಞರು. ಮುಖ್ಯಸ್ಥರು ದಪ್ಪ ಕಾಯೊಂದನ್ನು ಹಿಡಿದರು. ಅದಕ್ಕೆ ಹಳದಿ ದಾರವಿತ್ತು. ಆ ಹಂಗಾಮಿನಲ್ಲಿ ಹಳದಿ ಎಂದರೆ ತೀರಾ ಎಳಸು. ಅಕ್ಕ ಮುಂದೆ ಬಂದು ಅದನ್ನು ಕಿತ್ತು, ಅದೇ ಉಗುರಿನಿಂದ ಸೀಳಿ, ಬೀಜ ಹಿಸುಕಿದರು. ಮುಖ್ಯಸ್ಥರ ಬಿಳಿ ಅಂಗಿಗೆ ನೀರು ಚಿಮ್ಮಿತು.

"ಇನ್ನೂ ಎಳೇದು ಸಾರ್. ತಮ್ದೇ ದಾರ ಅಲ್ವಾ, ಗೊತ್ತಾಗ್ಲಿಲ್ವಾ?"

ತಜ್ಞರು ಮುಖ ಮುಖ ನೋಡಿಕೊಂಡು ನಕ್ಕರು. ನನಗಂತೂ ಹೊಟ್ಟೆ ತಣ್ಣಗಾಯಿತು.

ಮರುವಾರವೇ ಅಕ್ಕನನ್ನು ಸ್ಟೋರ್ ರೂಮಿಗೆ ಎತ್ತಿಹಾಕಿದರು. ನಿವೃತ್ತಿಯವರೆಗೂ ಅವರು ಅಲ್ಲೇ ಬಾಟಲಿ ಒರೆಸಿದರು. ಹೋದ ವರ್ಷ ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗ, "ನಿಮ್ಮ ಹೆಸರು ಬರೀತೀನಿ ಅಕ್ಕ," ಎಂದಿದ್ದೆ. "ಬರಿ. ಅವ್ನ್ ಹೆಸ್ರಿನ್ ಪಕ್ಕ ಮಾತ್ರ ಬೇಡ ಕಣಮ್ಮ," ಎಂದರು.

ಈಗ ಆ ಮುಖ್ಯಸ್ಥರು ಯಾದವಗಿರಿಯಲ್ಲಿ ವಿಶ್ರಾಂತರು. ಅವರಿಗೊಂದು ಅಭಿನಂದನ ಗ್ರಂಥ ಬರುತ್ತಿದೆ. ಹಳೆಯ ಶಿಷ್ಯೆಯಾಗಿ ಲ್ಯಾಬಿನ ದಿನಗಳ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಈ ದಿನಕ್ಕಾಗಿ ಎಷ್ಟು ವರ್ಷ ಕಾದಿದ್ದೆ! ಬರೆದಿದ್ದೇನೆ, ಇದೇ ಅದು. ಒಂದಕ್ಷರ ಬಿಡದೆ ಅಚ್ಚು ಹಾಕಲಿ. ಅಕ್ಕನ ಹೆಸರು ಹಾಕಿಲ್ಲ, ಅದು ಅವರಿಗೆ ಕೊಟ್ಟ ಮಾತು. ನಿಮ್ಮ ಹೆಸರನ್ನೂ ಹಾಕಿಲ್ಲ ಸಾರ್. ಗ್ರಂಥದ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಇದ್ದೇ ಇರುತ್ತದಲ್ಲ.