ಹರಸುತ್ತಾ ಏರುವ ಗೌಡರು

ನಮ್ಮ ಹಟ್ಟಿಯ ಜೋಗಿ ಗೌಡರು ಟೀ ಎಲೆ ತೂಗುವ ಶೆಡ್ಡಿಗೆ ಏರುವುದನ್ನು ನೋಡಬೇಕು: ಬಿಳಿ ಮುಂಡಾಸು, ನೆಟ್ಟಗಿನ ಬೆನ್ನು, ಕೈಯಲ್ಲಿ ಊರುಗೋಲಿಲ್ಲ. ಕಾಲಿನ ರಕ್ತನಾಳ ಕಿರಿದಾಗಿದೆ, ನಡೆಯಿರಿ, ನೋವು ಬಂದರೆ ನಿಲ್ಲಿ ಎಂದು ಕೂನೂರಿನ ಡಾಕ್ಟರು ಹೇಳಿದ್ದಾರೆ. ಗೌಡರು ನೋವಿಗೆಲ್ಲ ನಿಲ್ಲುವವರಲ್ಲ. ಯಾರದೋ ಬೇಲಿಯನ್ನು ಬೈಯಲು ನಿಲ್ಲುತ್ತಾರೆ. ಕೇಳಿದರೆ, "ಕಾಲುಗ ಒಂದೂ ಇಲ್ಲೆ" ಎನ್ನುತ್ತಾರೆ, ಕಾಲಿಗೆ ಏನೂ ಆಗಿಲ್ಲವಂತೆ. ಕಿರಿಯರು ಎದುರಾದರೆ ತಲೆ ಬಾಗುವುದು, ಹಿರಿಯರು ಆ ತಲೆ ಮುಟ್ಟಿ ಹರಸುವುದು ನಮ್ಮಲ್ಲಿ ಪದ್ಧತಿ. ಏರು ಕಡಿದಾದಷ್ಟೂ ಗೌಡರ ಹಾರೈಕೆ ಉದ್ದ. "ಬದುಕಿ ಬಾ, ಒಂದು ಸಾವಿರ ಆಗಲಿ" ಎಂದು ಶುರುವಾದದ್ದು ಮನೆಮಕ್ಕಳನ್ನು ದಾಟಿ ಕೊಟ್ಟಿಗೆಯ ಎಮ್ಮೆಕರುವಿನ ತನಕ ಹೋಗುತ್ತದೆ. ಕೊನೆಯ ತಿರುವಿನಲ್ಲಿ ಸೊಸೆ ರಾಜಾಮಣಿ ಎಲೆಮೂಟೆ ಇಳಿಸಿ ಕಾಯುತ್ತಾಳೆ. ಬೆಳಿಗ್ಗೆ ಬಾಗಿಲಲ್ಲೇ ಹರಸಿಸಿಕೊಂಡವಳು ಇಲ್ಲಿ ಮತ್ತೆ ತಲೆ ಬಾಗುತ್ತಾಳೆ. ಮಾವನ ಮೀನಖಂಡದ ನೋವು ಇಳಿಯುವವರೆಗೂ ಆ ತಲೆ ಮೇಲೇಳುವುದಿಲ್ಲ.