ನಾಲ್ಕು ಡಿಸ್ಕಸ್ ಮೀನುಗಳ ಉಡುಗೊರೆ

ನಮ್ಮ ವಿಭಾಗದ ಹಿರಿಯ ಪ್ರೊಫೆಸರು ನಿಲಾಯ್ ಊರಿನ ಮನೆ ಖಾಲಿ ಮಾಡಿ ಮಾಂಟ್ ಕಿಯಾರಾ ಬಡಾವಣೆಯ ಕಾಂಡೋ ಫ್ಲ್ಯಾಟಿಗೆ ಹೋಗುವಾಗ ತಮ್ಮ ಅಕ್ವೇರಿಯಂ ನನಗೆ ಕೊಟ್ಟರು. ಕೊಟ್ಟರು ಅನ್ನುವುದಕ್ಕಿಂತ ತಂದಿಟ್ಟರು ಅನ್ನಬೇಕು, ಏಕೆಂದರೆ ನಾನು ಕೇಳಿರಲಿಲ್ಲ. "ನಿನ್ನ ಮಗಳಿಗೆ ಖುಷಿ ಆಗ್ತದೆ, ಇಟ್ಕೊ" ಅಂದರು. ಅವರೂ ನಾನೂ ಇಬ್ಬರೂ ಉಡುಪಿ ಕಡೆಯವರು. ಊರಲ್ಲಿ ನನಗೆ ಪಾಠ ಹೇಳಿದವರು ಅವರು, ಈ ಪರದೇಶದ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಖಾಲಿ ಇದೆ ಎಂದು ತಿಳಿಸಿದವರೂ ಅವರೇ. ಅಂಥವರ ಎದುರು ಬೇಡ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ನಾಲ್ಕು ಮರಿ ಡಿಸ್ಕಸ್. ಚಪ್ಪಟೆಯಾದ, ದುಂಡಗಿನ ಮೀನುಗಳು, ಇನ್ನೂ ಅಂಗೈ ಅಗಲಕ್ಕೂ ಬೆಳೆದಿರಲಿಲ್ಲ. ಮೂರು ಕಿತ್ತಳೆ ಬಣ್ಣದವು, ಒಂದು ನೀಲಿ. ಮೊದಲ ಎರಡು ದಿನ ಗಂಡ, ಮಗಳು, ನಾನು ಮೂವರೂ ಟಿವಿ ಹಾಕದೆ ಅದನ್ನೇ ನೋಡುತ್ತ ಕೂತೆವು.

ಮೂರನೆಯ ದಿನ ಜಗಳ ಶುರುವಾಯಿತು. ದೊಡ್ಡ ಕಿತ್ತಳೆ ಮೀನು ಆ ನೀಲಿಯ ಬೆನ್ನು ಬಿದ್ದಿತು. ಊಟ ಹಾಕಿದರೆ ತಾನು ತಿನ್ನುವುದಕ್ಕಿಂತ ನೀಲಿಗೆ ತಿನ್ನಗೊಡಬಾರದು ಎಂಬುದೇ ಅದರ ಹಟ. ಪಕ್ಕೆಗೆ ಗುದ್ದುವುದು, ರೆಕ್ಕೆ ಕಚ್ಚುವುದು, ಮೂಲೆಗೆ ಅಟ್ಟುವುದು. ವಾರ ಕಳೆಯುವಷ್ಟರಲ್ಲಿ ನೀಲಿ ಕಪ್ಪಗಾಗಿ, ರೆಕ್ಕೆ ಮುದುರಿ, ಫಿಲ್ಟರಿನ ಕೊಳವೆ ಹಿಂದೆ ತಲೆ ಕೆಳಗೆ ಮಾಡಿ ನಿಂತಿತು. ಮಗಳಿಗೆ ಹನ್ನೊಂದು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಕೊನೆಗೊಂದು 'ಲಾ' ಸೇರಿಸುವ ಇಲ್ಲಿನ ಇಂಗ್ಲಿಷಿನಲ್ಲಿ. "ಅಮ್ಮಾ, ದಟ್ ಒನ್ ನಾಟ್ ಈಟಿಂಗ್ ಲಾ" ಅಂತ ಸ್ಕೂಲಿನಿಂದ ಬಂದವಳೇ ವರದಿ ಒಪ್ಪಿಸುತ್ತಿದ್ದಳು.

ಪ್ರೊಫೆಸರಿಗೆ ಫೋನ್ ಮಾಡಿದೆ.

"ಒಂದು ಯಾವಾಗ್ಲೂ ಹಾಗೇ ಇರ್ತದೆ ಮಾರಾಯ್ತಿ" ಅಂದರು. "ಫಿಸಿಯಾಲಜಿ ಕಲಿಸುವವಳು ನೀನು, ನಿನಗೆ ಹೇಳ್ಬೇಕಾ? ಗಟ್ಟಿ ಇದ್ದದ್ದು ಉಳೀತದೆ. ಅದು ಪ್ರಕೃತಿ. ನಾವು ಕೈ ಹಾಕ್ಬಾರದು."

"ಆಯ್ತು ಸರ್" ಅಂದೆ. ಫೋನ್ ಇಟ್ಟ ಮೇಲೆ ಮೈಯೆಲ್ಲ ಉರಿಯಿತು. ಅವರ ಮೇಲಿನ ಸಿಟ್ಟಿಗಿಂತ ನನ್ನ ಆ 'ಆಯ್ತು ಸರ್' ಮೇಲೇ ಹೆಚ್ಚು.

ನನಗೆ ತೋಚಿದ್ದು ಒಂದೇ. ನೀಲಿಯನ್ನು ಬಲೆಯಲ್ಲಿ ಎತ್ತಿ ಪ್ಲಾಸ್ಟಿಕ್ ಟಬ್ಬಿಗೆ ಹಾಕಿ, ಬೆಚ್ಚಗಿನ ನೀರು, ಗಾಳಿ ಎಲ್ಲ ಒದಗಿಸಿದೆ. ನಾಲ್ಕು ದಿನಕ್ಕೆ ಅದು ಕೆಂಪು ಹುಳುವಿನ ಚೂರುಗಳನ್ನು ಮೆಲ್ಲಗೆ ತಿನ್ನತೊಡಗಿತು, ಮೈಬಣ್ಣವೂ ತಿಳಿಯಾಯಿತು. ಆದರೆ ಇತ್ತ ತೊಟ್ಟಿಯಲ್ಲಿ ಏನಾಗಿತ್ತು? ದೊಡ್ಡದು ಉಳಿದ ಎರಡರಲ್ಲಿ ಚಿಕ್ಕದನ್ನು ಹಿಡಿದುಕೊಂಡಿತ್ತು. ಅದೇ ಗುದ್ದು, ಅದೇ ಮೂಲೆ. ಮೊನ್ನೆ ಮೊನ್ನೆಯವರೆಗೆ ಚೆನ್ನಾಗಿ ಉಂಡು ತಿರುಗುತ್ತಿದ್ದ ಮೀನು ಅದು! ಹಾಗಾದರೆ ಗಟ್ಟಿ ಇದ್ದದ್ದು ಉಳಿಯುತ್ತದೆ ಎಂದು ಪ್ರೊಫೆಸರು ಹೇಳಿದ್ದು ಏನಾಯಿತು? ಏಟು ತಿನ್ನುವ ಜಾಗ ಒಂದು ಅಲ್ಲಿ ಖಾಲಿ ಇತ್ತು, ಯಾರಾದರೂ ಅದನ್ನು ತುಂಬಲೇಬೇಕಿತ್ತು, ಅಷ್ಟೇ. ನೀಲಿಯನ್ನು ವಾಪಸ್ ಬಿಟ್ಟಾಗ ಹೊಸಬರು ಬಂದರೆಂದು ಮೂರೂ ಸೇರಿ ಹೊಡೆದವು. ಮತ್ತೆ ಟಬ್ಬಿಗೆ ತಂದೆ.

ನನ್ನ ಗಂಡ ಹುಬ್ಬಳ್ಳಿಯವರು. "ಮೀನಿನ ಸಲುವಾಗಿ ಇಷ್ಟ್ಯಾಕ ಸಿಟ್ಟಿಗೇಳ್ತಿ?" ಅಂದರು. ನಾನು ಟಬ್ಬಿನ ನೀರು ಬದಲಿಸಲು ಎದ್ದೆ. ಸಿಟ್ಟು ಇಳಿಯಲಿಲ್ಲ.

ಆ ಭಾನುವಾರ ಸುಬಾಂಗ್ ಜಯಾದಲ್ಲಿ ಕನ್ನಡ ಮನೆಗಳವರು ಸೇರಿ ಹಬ್ಬದೂಟ ಇಟ್ಟುಕೊಂಡಿದ್ದೆವು. ಪ್ರೊಫೆಸರ ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದರು. ಕೋಸಂಬರಿ ಬಡಿಸಿಕೊಳ್ಳುತ್ತ, "ಮೀನು ಹೇಗಿವೆ? ಇನ್ನೂ ಹೊಡೆದಾಡ್ತಾವಾ?" ಎಂದು ಕೇಳಿದರು.

"ನಿಮ್ಮಲ್ಲೂ ಹೊಡೆದಾಡ್ತಿದ್ವಾ?"

"ಅಯ್ಯೋ, ಇವರು ಹೇಳ್ಲಿಲ್ವಾ? ಆರು ತಂದಿದ್ರು. ಎರಡು ಏಟು ತಿಂದೇ ಸತ್ತವು. ನನ್ನಿಂದ ನೋಡ್ಲಿಕ್ಕಾಗ್ಲಿಲ್ಲ. ಹೊಸ ಮನೆಗೆ ತರ್ಬೇಡಿ ಅಂತ ನಾನೇ ಹಟ ಹಿಡಿದೆ."

ಪ್ರೊಫೆಸರು ನನ್ನ ಎದುರಿನ ಸಾಲಿನಲ್ಲಿದ್ದರು. "ಸರ್, ಎರಡು ಸತ್ತದ್ದು ನನಗೆ ಯಾಕೆ ಹೇಳಲಿಲ್ಲ?" ಎಂದು ಅಲ್ಲಿಂದಲೇ ಕೇಳಿದೆ.

ಹೋಳಿಗೆ ಮುರಿಯುತ್ತಿದ್ದವರು ನಕ್ಕುಬಿಟ್ಟರು. "ಹೇಳಿದ್ರೆ ನೀನು ತಗೊಳ್ತಿದ್ಯಾ?"

ಸುತ್ತಲಿದ್ದವರೂ ನಕ್ಕರು. ನನಗೆ ನಗು ಬರಲಿಲ್ಲ.

"ಪ್ರಕೃತಿ ಅಂದ್ರಲ್ಲ ಸರ್, ಯಾವ ಪ್ರಕೃತಿ? ಹೊಳೆಯಲ್ಲಿ ಏಟು ತಿಂದ ಮೀನು ದೂರ ಈಜಿಕೊಂಡು ಹೋಗ್ತದೆ. ಇಲ್ಲಿ ನಾಲ್ಕು ಅಡಿ ಆಚೆ ಗಾಜು. ಗಾಜು ಇಟ್ಟದ್ದು ನಾವು, ಹೀಟರ್ ಇಟ್ಟದ್ದು ನಾವು, ಎಷ್ಟು ಮೀನು, ಎಷ್ಟು ಊಟ ಎಲ್ಲ ನಾವೇ ತೀರ್ಮಾನ ಮಾಡಿದ್ದು. ಸಾಯುವಾಗ ಮಾತ್ರ ಪ್ರಕೃತಿಯಾ?"

ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ಯಾರೋ ಸಾರು ಬೇಕಾ ಎಂದು ಕೇಳಿದರು. ಪ್ರೊಫೆಸರು ತಲೆ ತಗ್ಗಿಸಿ ಊಟ ಮುಂದುವರಿಸಿದರು.

ಊಟ ಮುಗಿಸಿ ಅಲ್ಲೇ ಹತ್ತಿರದ ಮೀನಿನ ಅಂಗಡಿಗೆ ಹೋದೆ. ವಯಸ್ಸಾದ ಚೀನೀ ಅಂಕಲ್ ನನ್ನ ಕಥೆಯನ್ನು ಪೂರ್ತಿ ಕೇಳಲೇ ಇಲ್ಲ. "ಹೌ ಮೆನಿ?" ಅಂದರು. ನಾಲ್ಕು ಅಂದೆ. "ಫೋರ್ ಕೆನಾಟ್ ಲಾ!" ಎಂದು ನನ್ನನ್ನೇ ಗದರಿಸಿದರು. ನಾಲ್ಕೇ ಇದ್ದರೆ ಎಲ್ಲ ಏಟೂ ಒಂದಕ್ಕೇ ಬೀಳುತ್ತದೆ, ಹತ್ತಿದ್ದರೆ ಹಂಚಿಹೋಗುತ್ತದೆ ಎಂದು ಬೆರಳು ಮಡಿಸಿ ತೋರಿಸಿದರು. ಅದೇ ಅಳತೆಯ ಆರು ಮರಿ ಕೊಟ್ಟು, ಮೂರು ವಾರ ಬೇರೆ ಇಟ್ಟು ರೋಗವಿಲ್ಲ ಅಂತ ನೋಡಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಬಿಡು ಅಂದರು. ಬಿಡುವ ಮೊದಲು ಒಳಗಿನ ಕಟ್ಟಿಗೆ, ಗಿಡಗಳ ಜಾಗ ಬದಲಿಸಬೇಕು, ಆಗ ಯಾವುದಕ್ಕೂ ಇದು ನನ್ನ ಜಾಗ ಎಂಬ ಗರ್ವ ಇರುವುದಿಲ್ಲ. ಗೂಂಡಾ ಮೀನನ್ನು ಮಾತ್ರ ಹೊರಗೆ ತೆಗೆದಿಟ್ಟು ಕೊನೆಗೆ ಹಾಕಬೇಕು.

ಹಾಗೇ ಮಾಡಿದೆವು. ಊಟವನ್ನು ದಿನಕ್ಕೆ ಐದು ಸಲ, ಸ್ವಲ್ಪ ಸ್ವಲ್ಪವೇ, ತೊಟ್ಟಿಯ ಮೂರು ಕಡೆ ಹಾಕತೊಡಗಿದೆವು. ಮಧ್ಯಾಹ್ನದ ಪಾಳಿ ಮನೆಯಿಂದ ಕೆಲಸ ಮಾಡುವ ಗಂಡನದು. ಮೀನಿನ ಸಲುವಾಗಿ ಯಾಕೆ ಸಿಟ್ಟು ಎಂದು ಕೇಳಿದವರೇ ಮೀಟಿಂಗ್ ಮಧ್ಯೆ ಎದ್ದುಹೋಗಿ ಹಾಕುತ್ತಿದ್ದರು. ದೊಡ್ಡದು ಮೊದಲ ದಿನ ಒಂದರ ಹಿಂದೆ ಓಡಿತು, ಅಷ್ಟರಲ್ಲಿ ಇನ್ನೊಂದು ಅಡ್ಡ ಬಂತು, ಅದನ್ನು ಅಟ್ಟಿತು, ಮತ್ತೊಂದು ಬಂತು. ನಾಲ್ಕೈದು ದಿನಕ್ಕೆ ಅದಕ್ಕೇ ಸುಸ್ತು. ಗುದ್ದಾಟ ಪೂರ್ತಿ ನಿಲ್ಲಲಿಲ್ಲ, ಆದರೆ ಮೂಲೆ ಸೇರಿದವರು ಯಾರೂ ಇರಲಿಲ್ಲ. ನೀಲಿ ಎಲ್ಲರ ನಡುವೆ ಬಂದು ಉಂಡಿತು. ಅದು ಬೆಳೆಯಲಿಲ್ಲ ಮಾತ್ರ. ಮರಿಯಾಗಿದ್ದಾಗ ಹಸಿದ ಡಿಸ್ಕಸ್ ಆಮೇಲೆಷ್ಟು ತಿಂದರೂ ಅಳತೆಗೆ ಬರುವುದಿಲ್ಲವಂತೆ. ಉಳಿದವು ತಟ್ಟೆಯಷ್ಟಾಗಿವೆ, ಅದು ಇಂದಿಗೂ ಅರ್ಧ.

ಕೆಲವು ತಿಂಗಳ ಮೇಲೆ ಪ್ರೊಫೆಸರು ಮನೆಗೆ ಬಂದರು. ತೊಟ್ಟಿಯ ಮುಂದೆ ಕೈಕಟ್ಟಿ ನಿಂತು, "ನೋಡು, ನಾನು ಹೇಳ್ಲಿಲ್ವಾ, ತಾನಾಗಿ ಸರಿಹೋಗ್ತದೆ ಅಂತ" ಅಂದರು.

ಈ ಸಲ 'ಆಯ್ತು ಸರ್' ಅನ್ನಲಿಲ್ಲ. "ತಾನಾಗಿ ಏನೂ ಆಗಲಿಲ್ಲ ಸರ್. ಇವತ್ತು ನೀರು ಬದಲಿಸುವ ದಿನ, ಬನ್ನಿ" ಎಂದು ಬಕೆಟ್ ಕೈಗೆ ಕೊಟ್ಟೆ. ನನ್ನ ಮುಖ ನೋಡಿದರು, ಪ್ಯಾಂಟ್ ಮಡಿಸಿಕೊಂಡರು. ಎರಡು ಬಕೆಟ್ ಎತ್ತಿದರು. ಮೂರನೆಯದಕ್ಕೆ ಸೊಂಟ ಹಿಡಿಯಿತು ಎಂದು ಸೋಫಾದಲ್ಲಿ ಕೂತು ಚಹಾ ಕೇಳಿದರು. ಉಳಿದ ಆರೂ ಬಕೆಟ್ ನಾನೇ ಎತ್ತಿದೆ. ಚಹಾ ನನ್ನ ಗಂಡ ಮಾಡಿಕೊಟ್ಟರು.