ಹುಲಿಗೆಮ್ಮನ ಮಾತು, ನನ್ನ ಸಹಿ

ಹುಲಿಗೆಮ್ಮ, ನಿನ್ನ ಮಾತನ್ನು ಕದ್ದವನು ನಾನು. ಅದಕ್ಕೂ ಮೊದಲು ನಿನ್ನ ಓದಿಗೆ ಕಲ್ಲು ಹಾಕಿದವನೂ ನಾನೇ. ಇದು ನಿನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಹೋದ ತಿಂಗಳು ಮಸ್ಕಿಯಲ್ಲಿ ಬಾಗಿ ನನ್ನ ಕಾಲು ಮುಟ್ಟಿದೆ — ನಾನೂ ಸುಮ್ಮನೆ ಮುಟ್ಟಿಸಿಕೊಂಡೆ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಸಿಂಧನೂರಿನಲ್ಲಿ ಹೈಸ್ಕೂಲು ಹುಡುಗಿಯರ ಚರ್ಚಾಸ್ಪರ್ಧೆ, ನೀನು ಹತ್ತನೇ ತರಗತಿ. ನಾನು ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ, ಬಿಡುವಿದ್ದಾಗಲೆಲ್ಲ ಊರೂರು ತಿರುಗಿ ಧರ್ಮದ ಬಗ್ಗೆ ಭಾಷಣ ಬಿಗಿಯುತ್ತಿದ್ದವನು. ಮೂವರು ತೀರ್ಪುಗಾರರಲ್ಲಿ ಹಿರಿಯ. ಗೆದ್ದ ಹುಡುಗಿಗೆ ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಪುಕ್ಕಟೆ ಊಟ, ವಸತಿ, ಎರಡು ವರ್ಷದ ಪಿಯುಸಿ ಓದು. ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಮದುವೆ ಎಂದು ನಿನ್ನಪ್ಪ ಗೆರೆ ಎಳೆದಿದ್ದಾನೆಂದು ನಿಮಗೆ ಪಾಠ ಹೇಳುತ್ತಿದ್ದ ಶಾಲೆಯ ಅಕ್ಕೋರು ನನಗೆ ಮೊದಲೇ ಹೇಳಿದ್ದರು. ಗೊತ್ತಿರಲಿಲ್ಲ ಎನ್ನುವ ದಾರಿಯೂ ನನಗಿಲ್ಲ.

ಉದ್ಘಾಟನೆಯ ಭಾಷಣವೂ ನನ್ನದೇ. ನಮ್ಮ ಪ್ರಾಚೀನರು ಹಕ್ಕು ಕೇಳುವುದನ್ನು ಕಲಿಸಲಿಲ್ಲ, ಕರ್ತವ್ಯ ಮಾಡುವುದನ್ನು ಕಲಿಸಿದರು; ಕರ್ತವ್ಯ ಮಾಡಿದವನಿಗೆ ಹಕ್ಕು ತಾನಾಗಿ ಬರುತ್ತದೆ ಎಂದು ಅರ್ಧ ಗಂಟೆ ಕೊರೆದೆ. ಆಮೇಲೆ ಎದ್ದವಳು ನೀನು. ಕಾಲುವೆಯ ಕೊನೆ ಭಾಗದ ಹಳ್ಳಿಯವಳು, ಎರಡು ಜಡೆ, ಕೈಯಲ್ಲಿ ಒಂದು ಚೀಟಿಯೂ ಇಲ್ಲ.

"ಸರ್ ಹೇಳಿದ್ದು ಖರೇ ಅದರಿ. ಆದ್ರ ಕರ್ತವ್ಯ ಮೊದಲ ಯಾರು ಮಾಡಬೇಕ್ರಿ? ಮ್ಯಾಲಿನ ಹೊಲದಾವ ತನ್ನ ಪಾಳಿ ಮುಗದ ಮ್ಯಾಲೆ ತೂಬು ಮುಚ್ಚಬೇಕು. ಅವ ಮುಚ್ಚಿದ್ರ ನಮ್ಮ ಹೊಲಕ್ಕ ನೀರು. ಅವ ಮುಚ್ಚಲಾರದ, ಕೆಳಗಿನಾವಗ ನೀ ಕರ್ತವ್ಯ ಮಾಡು ಅಂತ ಬುದ್ಧಿ ಹೇಳಿದ್ರ ನೀರು ಬರ್ತಾವೇನ್ರಿ? ಮ್ಯಾಲಿನವರ ಕರ್ತವ್ಯನ ಕೆಳಗಿನವರ ಹಕ್ಕು ಅದರಿ."

ಸಭೆ ಹೋ ಎಂದಿತು. ನಮ್ಮೂರು ಜವಳಗೇರಾದಲ್ಲಿ ನಮ್ಮ ಗದ್ದೆ ತೂಬಿನ ಬಾಯಲ್ಲೇ ಇದೆ. ಪಾಳಿ ಮುಗಿದರೂ ನಾವು ಮುಚ್ಚುವುದಿಲ್ಲವೆಂದು ಸುತ್ತಮುತ್ತಲ ಊರಿಗೆಲ್ಲ ಗೊತ್ತು. ಮುಂದೆ ಕೂತಿದ್ದ ನಾಲ್ಕು ಜನ ನನ್ನ ಕಡೆ ತಿರುಗಿ ನಕ್ಕರು. ಪಾಪ, ನಾನು ಯಾರ ಮಗ, ಯಾವ ಗದ್ದೆಯವನು — ನಿನಗೇನು ಗೊತ್ತು? ಆದರೂ ನನಗೆ ಮೈಯೆಲ್ಲ ಉರಿಯಿತು.

ಉಳಿದಿಬ್ಬರು ತೀರ್ಪುಗಾರರು ನಿನಗೇ ಮೊದಲ ಸ್ಥಾನ ಬರೆದಿದ್ದರು. "ಹುಡುಗಿ ಭಾಳ ಛಲೋ ಮಾತಾಡ್ಯಾಳ್ರಿ ಸರ್, ನೀವೇನಂತೀರಿ?" ಎಂದರು. ನಾನು ಕನ್ನಡಕ ಒರೆಸುತ್ತ — ಒರೆಸುವಂಥದ್ದೇನೂ ಇರಲಿಲ್ಲ — "ಮಾತು ಛಲೋ ಅದ. ಆದ್ರ ವಿಷಯ ಬಿಟ್ಟು ಹೊಲಕ್ಕ ಹೋಗ್ಯಾಳ. ಶಾಸ್ತ್ರ ಗೊತ್ತಿಲ್ಲ" ಎಂದೆ. ಇಷ್ಟೇ. ಹಿರಿಯರ ಮಾತೆಂದು ಅವರು ಬರೆದದ್ದನ್ನು ಹೊಡೆದು ತಿದ್ದಿದರು. ನೀನು ಮೂರನೆಯವಳಾದೆ. ಬಹುಮಾನ ಒಂದು ಸ್ಟೀಲಿನ ತಟ್ಟೆ. ಬಾಗಿಲ ಹತ್ತಿರ ನಿಂತಿದ್ದ ನಿನ್ನಪ್ಪ ಅದನ್ನು ತಿರುಗಿಸಿ ನೋಡಿ, "ಮುಗೀತಲ್ಲವ್ವಾ, ನಡಿ ಇನ್ನ" ಎಂದ. ಬೇಸಿಗೆಯಲ್ಲಿ ಮಸ್ಕಿಗೆ ನಿನ್ನ ಮದುವೆಯಾಯಿತೆಂದು ಅಕ್ಕೋರು ಹೇಳಿದಾಗ, ಅದು ಅವರ ಮನೆಯ ವಿಚಾರ ಎಂದು ಕೈ ತೊಳೆದುಕೊಂಡೆ.

ಕದ್ದದ್ದು ಆಮೇಲೆ. ಒಂದು ಸಭೆಯಲ್ಲಿ ನನ್ನ ಭಾಷಣ ಏಳಲೇ ಇಲ್ಲ, ಜನ ಆಕಳಿಸುತ್ತಿದ್ದರು. ದಿಕ್ಕು ತೋಚದೆ ನಿನ್ನ ತೂಬು, ನಿನ್ನ ಪಾಳಿ, ನಿನ್ನ ಕೊನೆಯ ವಾಕ್ಯ ಹೇಳಿಬಿಟ್ಟೆ. ಎಂಥ ಚಪ್ಪಾಳೆ ಅಂತೀ! ಅಂದಿನಿಂದ ಅದು ನನ್ನದಾಯಿತು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ಅಚ್ಚಾಯಿತು. ಚಪ್ಪಾಳೆ ಹೊಡೆಸಿಕೊಂಡ ಇಷ್ಟು ವರ್ಷವೂ ಜವಳಗೇರಾದ ತೂಬನ್ನು ಹೊತ್ತಿಗೆ ಸರಿಯಾಗಿ ಮುಚ್ಚಿಸಿದವನಲ್ಲ ನಾನು. ಛೇ, ಇದನ್ನು ಬರೆಯುವಾಗ ನನಗೇ ಹೇಸಿಗೆಯಾಗುತ್ತಿದೆ.

ಹೋದ ತಿಂಗಳು ಮಸ್ಕಿಯಲ್ಲೂ ನಾನು ಅದನ್ನೇ ಹೇಳಿದೆ. ಭಾಷಣ ಮುಗಿದ ಮೇಲೆ ನೀನು ಮಗಳ ಕೈ ಹಿಡಿದು ಬಂದೆ. ಹೊಲಿಗೆ ಅಂಗಡಿ ಇಟ್ಟಿದ್ದೀನಿ ಅಂದೆ. "ಹೈಸ್ಕೂಲಿನ್ಯಾಗ ನಿಮ್ಮ ಮುಂದ ಮಾತಾಡಿದ್ನಿರಿ ಸರ್, ಮೂರನೇ ನಂಬರ್ ಬಂದಿತ್ತು. ಆಗ ಏನ ಒದರಿದ್ನೋ, ಒಂದೂ ನೆನಪಿಲ್ರಿ. ನೀವು ಇವತ್ತ ಹೇಳಿದ್ದು ನೋಡ್ರಿ, ಅದು ಮಾತು" ಎಂದೆ. ಮಗಳ ಕಡೆ ತಿರುಗಿ, "ಬರಕೋ ಬೇ. ಕೆಳಗ ಸರ್ ಹೆಸರು ಹಾಕು" ಎಂದೆ. ಅವಳು ಬರೆದು ನೋಟ್‌ಬುಕ್ಕು ಚಾಚಿದಳು. ನಾನು ಸಹಿ ಮಾಡಿದೆ. ಕೆಳಗೆ ತಾರೀಖನ್ನೂ ಹಾಕಿದೆ, ಹುಲಿಗೆಮ್ಮ.

ಅಂದಿನಿಂದ ತಲೆ ಕಲಸಿದಂತಾಗಿದೆ. ನಿಜವಾಗಿಯೂ ಮರೆತಿದ್ದೀಯಾ — ಅಥವಾ ನನ್ನ ಬಾಯಿಂದಲೇ ಬರಲಿ ಎಂದು ಕಾದೆಯಾ? ಹಳೆಯ ಶಾಸ್ತ್ರಗಳನ್ನು ಮತ್ತೆ ತೆಗೆದು ಕೂತೆ. ತಾನು ಉಪವಾಸವಿದ್ದರೂ ಮನೆಯ ಆಳಿಗೆ ಉಣ್ಣಿಸಬೇಕು ಎಂದು ಯಜಮಾನನಿಗೆ ಹೇಳುತ್ತವೆ; ಪ್ರಜೆ ಅತ್ತರೆ ಪಾಪ ರಾಜನದು ಎನ್ನುತ್ತವೆ. ಅಲ್ಲೆಲ್ಲ ನಿನ್ನ ಮಾತೇ ಇದೆ. ಶಾಸ್ತ್ರ ಗೊತ್ತಿಲ್ಲದ್ದು ನನಗೆ ಎಂದುಕೊಂಡು ಹಾಳೆ ತಿರುವಿದರೆ, ಅವೇ ಶಾಸ್ತ್ರಗಳು ಕೆಳಗಿನವನಿಗೆ ಸುಮ್ಮನೆ ಸೇವೆ ಮಾಡಿಕೊಂಡಿರು ಎಂದೂ ಹೇಳುತ್ತವೆ. ಯಾವುದು ಧರ್ಮ? ಇಷ್ಟು ವರ್ಷ ನಾನು ಕಲಿಸಿದ್ದು ಯಾವುದನ್ನು? ನಿಜ ಹೇಳುವುದು ನನ್ನ ಕರ್ತವ್ಯವೆಂದರೆ, ಅದನ್ನು ಕೇಳುವ ಹಕ್ಕು ನಿನ್ನದು — ಇಲ್ಲಿಯವರೆಗೆ ಸರಿ. ಆದರೆ ನಾನು ಹೇಳ ಹೊರಟಿರುವುದು ನಿನಗಾಗಿಯೋ, ನನ್ನ ನಿದ್ದೆಗಾಗಿಯೋ? ಕೇಳಿದ ಮೇಲೆ, ಓದಬಹುದಾಗಿದ್ದ ಆ ಎರಡು ವರ್ಷ ನೆನೆಸಿಕೊಂಡು ಸಂಕಟಪಡುವವಳು ನೀನೇ ಅಲ್ಲವೇ? ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ.

ತಿಳಿಯದೆಯೇ ಸೋಮವಾರ ಮಸ್ಕಿಗೆ ಬರುತ್ತೇನೆ. ಈ ಕಾಗದ ಕೈಗೆ ಕೊಟ್ಟು ಓಡಿಹೋಗುವುದಿಲ್ಲ. ನಿನ್ನ ಮಗಳೆದುರೇ ಓದುತ್ತೇನೆ. ನೋಟ್‌ಬುಕ್ಕಿನಲ್ಲಿರುವ ನನ್ನ ಸಹಿಯನ್ನು ಅವಳೇ ಹೊಡೆದುಹಾಕಿ ಅಲ್ಲಿ ತನ್ನ ತಾಯಿಯ ಹೆಸರು ಬರೆಯಲಿ. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಹೊರಗೆ ನಡಿ ಎಂದರೆ ನಡೆಯುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ, ಕ್ಷಮಿಸುವುದು ಒಳ್ಳೆಯವಳ ಕರ್ತವ್ಯ ಎಂದು ನಿನ್ನ ತಲೆಯ ಮೇಲೆ ಮತ್ತೊಂದನ್ನು ಹೊರಿಸಿದಂತಾಗುತ್ತದೆ.